30 ಡಿಗ್ರಿ ನಮಸ್ಕಾರ, ಐದು ಕಿಲೋ ಗಿಟಾರು

ಹಣೆ ಮೇಲೆ ಬುಗುಟೆ ಎದ್ದಿದೆ. ಎಡಗಡೆ ಹುಬ್ಬಿಗಿಂತ ಸ್ವಲ್ಪ ಮೇಲೆ, ಯಾರ ಕಣ್ಣೂ ತಪ್ಪದ ಜಾಗದಲ್ಲಿ. ಆಫೀಸಿನಲ್ಲಿ ಎಲ್ಲರೂ ನೋಡುತ್ತಾರೆ, ಒಬ್ಬರೂ ಕೇಳುವುದಿಲ್ಲ. ಜಪಾನಿನಲ್ಲಿ ಇದೇ ಕಷ್ಟ. ಬೆಂಗಳೂರಾಗಿದ್ದರೆ ಗೇಟಿನ ಸೆಕ್ಯುರಿಟಿಯವನಿಂದ ಹಿಡಿದು ಮ್ಯಾನೇಜರ್ ತನಕ "ಏನ್ ಸಾರ್, ಮನೇಲಿ ಜಗಳಾನಾ?" ಅಂತ ಕೇಳುತ್ತಿದ್ದರು. ನಾನೂ ಒಂದಕ್ಕೆರಡು ಸೇರಿಸಿ ಹೇಳಿ ಹಗುರಾಗುತ್ತಿದ್ದೆ. ಇಲ್ಲಿ ಆ ಭಾಗ್ಯ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಡೆದದ್ದು ಎಲೆಕ್ಟ್ರಿಕ್ ಗಿಟಾರು. ಅದನ್ನು ಬೆನ್ನಿಗೆ ಹಾಕಿಕೊಂಡಿದ್ದವಳು ನಮ್ಮ ಪಕ್ಕದ ಮನೆಯ ಹುಡುಗಿ. ಹಗಲು ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ. ಮಿಕ್ಕ ಹೊತ್ತು ಇಂಡೀ ರಾಕ್ ಬ್ಯಾಂಡಿನ ಗಿಟಾರಿಸ್ಟ್. ಮೂರೇ ಜನರ ಬ್ಯಾಂಡು. ಹಿಂದೆ ರೆಕಾರ್ಡ್ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ, ವ್ಯಾನ್ ಇಲ್ಲ. ನನ್ನ ಮಟ್ಟಿಗೆ ಈ ವ್ಯಾನ್ ಇಲ್ಲದಿರುವುದೇ ದೊಡ್ಡ ಕೊರತೆ.

ನಾವಿರುವುದು ಟೋಕಿಯೋದ ನಿಶಿಕಸಾಯ್‌ನಲ್ಲಿ. ಭಾರತದವರು ಜಾಸ್ತಿ ಇರುವ ಜಾಗ, ಹಾಗಾಗಿ ತೊಗರಿಬೇಳೆಗೆ ಪರದಾಡಬೇಕಿಲ್ಲ. ಅಪಾರ್ಟ್‌ಮೆಂಟಿನ ಕರಾರಿನಲ್ಲಿ ನಾಯಿ ಸಾಕಬಹುದು, ವಾದ್ಯ ನುಡಿಸಬಾರದು. ಇಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ವಾದ್ಯಕ್ಕೆ ಅನುಮತಿ ಇಲ್ಲ. ಆದರೆ ಅವಳ ಗಿಟಾರಿನ ಮೈ ಟೊಳ್ಳಲ್ಲ, ಗಟ್ಟಿ ಮರ. ಆಂಪ್ಲಿಫೈಯರಿಗೆ ವೈರ್ ಸಿಕ್ಕಿಸದಿದ್ದರೆ ಸದ್ದು ಗೋಡೆ ದಾಟುವುದಿಲ್ಲ. ಅವಳು ಅಲ್ಲಿ ರಾತ್ರಿಯೆಲ್ಲ ರಾಕ್ ಬಾರಿಸಿದರೂ ನಮಗೆ ಕೇಳಿಸುವುದು ಕೆಳಗಿನ ಮನೆ ನಾಯಿ ಬೊಗಳುವುದು ಮಾತ್ರ. ಆ ಗಿಟಾರಿನ ಪರಿಚಯ ನನಗೆ ಹಣೆಯ ಮೂಲಕವೇ ಆಗಬೇಕಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಗಿಟಾರು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಹುಡುಗಿ ಐದಡಿ. ಬ್ಯಾಗನ್ನು ಬೆನ್ನಿಗೆ ಏರಿಸಿದರೆ ಗಿಟಾರಿನ ತಲೆ ಅವಳ ತಲೆಗಿಂತ ಒಂದು ಗೇಣು ಮೇಲೆ ಇರುತ್ತದೆ. ಸುಮ್ಮನೆ ನೆಟ್ಟಗೆ ನಿಂತರೆ ಯಾರಿಗೂ ತೊಂದರೆ ಇಲ್ಲ. ಆದರೆ ಅವಳು ಜಪಾನಿನವಳು. ಬಗ್ಗಿ ನಮಸ್ಕಾರ ಮಾಡಬೇಕು. ಈ ದೇಶದಲ್ಲಿ ಬಗ್ಗುವುದಕ್ಕೂ ಅಳತೆ ಇದೆ. ಎದುರಿಗೆ ಸಿಕ್ಕವರಿಗೆ 15 ಡಿಗ್ರಿ, ಗೌರವಕ್ಕೆ 30 ಡಿಗ್ರಿ, ಕ್ಷಮೆ ಕೇಳುವಾಗ 45 ಡಿಗ್ರಿ. ಹದಿನೈದಕ್ಕೆ ಗಿಟಾರಿನ ತಲೆ ಬರೀ ಹೆದರಿಸುತ್ತದೆ. ಮೂವತ್ತಕ್ಕೆ ಎದುರಿಗಿದ್ದವರ ಹಣೆಗೆ ಬರುತ್ತದೆ. ನಲವತ್ತೈದಕ್ಕೆ ಮೂಗಿಗೆ. ನನ್ನ ಹತ್ತಿರ ಮೂವತ್ತರದ್ದಕ್ಕೂ ನಲವತ್ತೈದರದ್ದಕ್ಕೂ ಸಾಕ್ಷಿ ಇದೆ.

ಮೊನ್ನೆ ಶನಿವಾರ ಬೆಳಿಗ್ಗೆ ಕಸ ಹಾಕಲು ಹೊರಟಿದ್ದೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಚೀಲ, ಇನ್ನೊಂದರಲ್ಲಿ ಕಟ್ಟಿದ ರಟ್ಟು. ಲಿಫ್ಟಿನ ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಬಾಗಿಲು ಮುಚ್ಚುವಷ್ಟರಲ್ಲಿ ಓಡಿಬಂದಳು. ನಾನು ಅವಳಿಗಾಗಿ ಕಾದೆ ಅಂದುಕೊಂಡಳೋ ಏನೋ, ಒಳಗೆ ಕಾಲಿಟ್ಟವಳೇ 30 ಡಿಗ್ರಿ ಬಗ್ಗಿದಳು. ಟಪ್.

"ಅಯ್ಯೋ!" ಅಂದೆ. ನೋವಿಗೆ ಯಾವತ್ತೂ ಕನ್ನಡವೇ ಬರುವುದು. ಭಾಷೆ ಗೊತ್ತಿಲ್ಲದಿದ್ದರೂ ವಿಷಯ ಅರ್ಥವಾಗಿ "ಸುಮಿಮಾಸೆನ್!" ಅಂತ 45 ಡಿಗ್ರಿ ಬಗ್ಗಿದಳು. ಕನ್ನಡಕ ಹೋಯಿತು. ಅಡ್ಡ ಹಿಡಿಯಲು ಕೈ ಖಾಲಿ ಇಲ್ಲ. ಹಿಂದೆ ಸರಿಯಲು ಜಾಗ ಇಲ್ಲ.

ಆರನೇ ಮಹಡಿಯಲ್ಲಿ ನಾಯಿಮರಿ ಹಿಡಿದ ಅಜ್ಜಿ ಹತ್ತಿದರು. ಅವರಿಗೂ ನಮಸ್ಕಾರ ಆಗಬೇಕಲ್ವಾ? ಹುಡುಗಿ ಆ ಕಡೆ ತಿರುಗಿದಳು. ಅಜ್ಜಿ ನಾಲ್ಕೂವರೆ ಅಡಿ, ಮೇಲಾಗಿ ಅವರೂ ಬಗ್ಗಿದ್ದರಿಂದ ಗಿಟಾರು ಅವರ ಬೆನ್ನ ಮೇಲಿಂದ ಹಾಯಾಗಿ ದಾಟಿತು. ಆದರೆ ಮೇಲಿನ ತುದಿ ಮುಂದೆ ಹೋದರೆ ಕೆಳಗಿನ ತುದಿ ಹಿಂದೆ ಬರಲೇಬೇಕು. ಅದು ನನ್ನ ಹೊಟ್ಟೆಗೆ ಬಂತು. ಬಾಟಲಿ ಚೀಲ ಬಿತ್ತು. ಸದ್ದು ಕೇಳಿ ನನ್ನ ಕಡೆ ಗಕ್ಕನೆ ತಿರುಗಿದಳು. ಆ ರಭಸಕ್ಕೆ ಬ್ಯಾಗು ಲಿಫ್ಟಿನ ಬಟನ್ನುಗಳನ್ನು ಮೇಲಿನಿಂದ ಕೆಳಗಿನ ತನಕ ಒರೆಸಿಕೊಂಡು ಹೋಯಿತು. ಐದು, ನಾಲ್ಕು, ಮೂರು, ಎರಡು, ಎಲ್ಲಕ್ಕೂ ದೀಪ ಹತ್ತಿತು.

ಆಮೇಲಿನದು ಮೆರವಣಿಗೆ. ಐದನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಯಾರೂ ಇಲ್ಲ. ಆದರೂ ಅವಳು ಖಾಲಿ ವರಾಂಡಕ್ಕೆ ಬಗ್ಗಿದಳು. ನಾಯಿ ಬೊಗಳಿತು. ನಾಲ್ಕರಲ್ಲಿ ಒಬ್ಬ ಕೈಗೂಸು ಎತ್ತಿಕೊಂಡು ನಿಂತಿದ್ದ. ಒಳಗಿನ ಸ್ಥಿತಿ, ನನ್ನ ಹಣೆ, ಎರಡನ್ನೂ ನೋಡಿ "ನೀವು ಹೋಗಿ, ಹೋಗಿ" ಅಂದ. ಆ ಔದಾರ್ಯಕ್ಕೆ ಮತ್ತೆ 45 ಡಿಗ್ರಿ. ನಾನು ರಟ್ಟಿನ ಕಟ್ಟನ್ನು ಮುಖಕ್ಕೆ ಅಡ್ಡ ಹಿಡಿದೆ. ಮೂರು, ಎರಡು, ಪ್ರತಿ ಮಹಡಿಯಲ್ಲೂ ಬಾಗಿಲು, ನಮಸ್ಕಾರ, ನಾಯಿ. ಕೊನೆಗೆ ನೆಲಮಹಡಿಯಲ್ಲಿ "ನೀವು ಮೊದಲು" ಅಂತ ನನಗೆ ದಾರಿ ಬಿಟ್ಟು ಬಗ್ಗಿದಳು. ನಾನು ಕುಕ್ಕರುಗಾಲಲ್ಲಿ ಹೊರಬಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಐಸ್ ಕೊಟ್ಟಳು, ಕರುಣೆ ಕೊಡಲಿಲ್ಲ. "ಪಾಪ, ಅಷ್ಟು ಭಾರ ಹೊತ್ಕೊಂಡೂ ಬಗ್ತಾಳಲ್ಲ, ಸಂಸ್ಕಾರ ನೋಡಿ" ಅಂದಳು. ಸಂಜೆ ಹುಡುಗಿ ಸ್ವೀಟ್ ಬಾಕ್ಸ್ ಹಿಡಿದು ಕ್ಷಮೆ ಕೇಳಲು ಬಂದಳು. ಬೆನ್ನ ಮೇಲೆ ಗಿಟಾರಿಲ್ಲ ಅಂತ ಖಾತ್ರಿ ಮಾಡಿಕೊಂಡೇ ನಾನು ಬಾಗಿಲ ಹತ್ತಿರ ಹೋದದ್ದು. ನನ್ನ ಹೆಂಡತಿಗೆ ಕುತೂಹಲ. ಗಿಟಾರನ್ನೇ ತರಿಸಿದಳು. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ ಎಲ್ಲ ಎನ್ನಾರೈ ಮನೆಗಳಲ್ಲೂ ಇರುತ್ತದಲ್ಲ, 23 ಕಿಲೋ ದಾಟಿ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ ಬಿಚ್ಚಿಡಬೇಕಾದೀತು ಅಂತ? ಅದಕ್ಕೇ ಗಿಟಾರನ್ನು ನೇತುಹಾಕಿದೆವು. 4.7 ಕಿಲೋ. ಬರೀ ಗಿಟಾರು. ಬ್ಯಾಗು, ವೈರು, ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲುಗಳ ಪೆಟ್ಟಿಗೆ ಬೇರೆ.

"ಭಾರ ಅಲ್ಲವೇ ಅಲ್ಲ" ಅಂದಳು ಹುಡುಗಿ, ಬಲ ಹೆಗಲು ನೀವಿಕೊಳ್ಳುತ್ತ.

ಯಾಕಿಷ್ಟು ತೂಕ ಅಂತ ಕೇಳಿದ್ದೇ ತಡ, ಪುರಾಣ ಶುರುವಾಯಿತು. 1940ರ ಸುಮಾರಿಗೆ ಅಮೆರಿಕದಲ್ಲಿ ಲೆಸ್ ಪಾಲ್ ಎಂಬ ಗಿಟಾರಿಸ್ಟ್ ನಾಲ್ಕಿಂಚು ದಪ್ಪದ ಪೈನ್ ಮರದ ತುಂಡಿಗೇ ತಂತಿ ಕಟ್ಟಿ ನುಡಿಸಿದನಂತೆ. ನೋಡಲು ಗಿಟಾರಿನ ಹಾಗೆ ಇರಲಿ ಅಂತ ಆಮೇಲೆ ಬೇರೆ ಗಿಟಾರಿನ ಎರಡು ಪಕ್ಕೆ ತಂದು ಅಂಟಿಸಿದ. ಗಿಬ್ಸನ್ ಕಂಪನಿ ಮೊದಲು ಬೇಡವೆಂದರೂ 1952ರಲ್ಲಿ ಅವನ ಹೆಸರಿನಲ್ಲೇ ಗಿಟಾರು ತಂದಿತು. ದಪ್ಪ ಮಹಾಗನಿ, ಅದರ ಮೇಲೆ ಮೇಪಲ್ ಹಲಗೆ. ಹೆಗಲಿನ ಮೇಲೆ ಕರುಣೆ ಬಂದು 1980ರ ದಶಕದಲ್ಲಿ ಅವರೇ ಒಳಗೆ ತೂತು ಕೊರೆದು ತೂಕ ಇಳಿಸಿದರು. ಇವಳದ್ದು 70ರ ದಶಕದ ಗ್ರೆಕೋ. ಅದೇ ಗಿಟಾರಿನ ಜಪಾನಿ ನಕಲು, ಮಾತ್ಸುಮೊಟೊ ಊರಿನ ಫುಜಿಗೆನ್ ಕಾರ್ಖಾನೆಯದು. ಸೆಕೆಂಡ್ ಹ್ಯಾಂಡ್. "ಇದರಲ್ಲಿ ಒಂದೂ ತೂತಿಲ್ಲ" ಅಂತ ಹೆಮ್ಮೆಯಿಂದ ಹೇಳಿದಳು. ಅದು ನನ್ನ ಹಣೆಗೂ ಗೊತ್ತು.

ಮಾತಿನ ನಡುವೆ ನನ್ನ ಹೆಂಡತಿ ಅವಳ ಬ್ಯಾಂಡಿನ ಶೋಗೆ ಎರಡು ಟಿಕೆಟ್ ಕೊಂಡುಬಿಟ್ಟಿದ್ದಳು. ಇಲ್ಲಿಯ ಸಣ್ಣ ಲೈವ್ ಹೌಸುಗಳಲ್ಲಿ, ಅಂದರೆ ಬ್ಯಾಂಡುಗಳು ನುಡಿಸುವ ಪುಟ್ಟ ಹಾಲುಗಳಲ್ಲಿ, ಒಂದು ಪದ್ಧತಿ ಇದೆ. ನುಡಿಸುವ ಬ್ಯಾಂಡೇ ಇಂತಿಷ್ಟು ಟಿಕೆಟ್ ಮಾರಿಕೊಡಬೇಕು. ಮಾರದೆ ಉಳಿದದ್ದಕ್ಕೆ ಕೈಯಿಂದ ದುಡ್ಡು ಕಟ್ಟಬೇಕು. ಅಂದರೆ ಈ ಮಕ್ಕಳು ದುಡ್ಡು ಕೊಟ್ಟು ನುಡಿಸುತ್ತಾರೆ. ನಾನು ಏಟೂ ತಿಂದು, ದುಡ್ಡೂ ಕೊಟ್ಟು ಕೇಳಬೇಕು.

ಮಾರನೆಯ ದಿನ ಶೋ ಇದ್ದ ಶಿಮೋಕಿಟಜಾವಾಕ್ಕೆ ಒಟ್ಟಿಗೇ ಹೊರಟೆವು. ಎಲ್ಲರೂ ಹೋಗುವುದು ಒಂದೇ ಜಾಗಕ್ಕೆ ತಾನೇ ಅನ್ನುವುದು ನನ್ನ ಹೆಂಡತಿಯ ವಾದ. ಅವಳಿಗೆ ಗೊತ್ತಿರದಿದ್ದದ್ದು, ಲೈವ್ ಹೌಸಿನಲ್ಲಿ ಕೊನೆಗೆ ನುಡಿಸುವವರು ಮೊದಲು ರಿಹರ್ಸಲ್ ಮಾಡಬೇಕು. ರಾತ್ರಿ ಒಂಬತ್ತರ ಹಾಡಿಗೆ ಮಧ್ಯಾಹ್ನದ ಊಟ ಅರಗುವ ಮೊದಲೇ ಮನೆ ಬಿಟ್ಟೆವು.

ನಿಶಿಕಸಾಯ್‌ನಲ್ಲಿ ನಾವು ಹತ್ತುವ ತೊಝಾಯ್ ಲೈನ್ ರೈಲಿನ ಹೆಸರು ಕೇಳಿದರೇ ಟೋಕಿಯೋದವರು ಉಸಿರು ಬಿಡುತ್ತಾರೆ. ಕೊರೋನಾಕ್ಕೆ ಮುಂಚೆ ಬೆಳಗಿನ ಹೊತ್ತು ಅದರಲ್ಲಿ ಹಿಡಿಸಬೇಕಾದ್ದಕ್ಕಿಂತ ಎರಡು ಪಟ್ಟು ಜನ ಇರುತ್ತಿದ್ದರು. ಭಾನುವಾರವಾದ್ದರಿಂದ ಬದುಕಿದೆವು. ಕುದಾನ್‌ಶಿತಾದಲ್ಲಿ ಬದಲಾಯಿಸಿ ಶಿಬುಯಾ ತಲುಪಿದರೆ ಅಲ್ಲಿದೆ ನಿಜವಾದ ಪರೀಕ್ಷೆ. ರೈಲು ನಮ್ಮನ್ನು ಇಳಿಸುವುದು ನೆಲದಿಂದ ಮೂರಂತಸ್ತು ಕೆಳಗೆ. ಮುಂದಿನ ಇನೊಕಶಿರಾ ಲೈನ್ ಹೊರಡುವುದು ನೆಲದ ಮೇಲಿನ ಎರಡನೇ ಅಂತಸ್ತಿನಿಂದ.

"ಕೊಡಮ್ಮ, ನಾನು ಹಿಡ್ಕೋತೀನಿ" ಅಂದೆ. ಬೇಡ ಅಂದಳು. ಮತ್ತೆ ಅಂದೆ. ಮತ್ತೆ ಬೇಡ. ಇನ್ನೊಂದು ಸಲ ಅಂದಾಗ "ಹಾಗಾದರೆ ಹಗುರದ್ದು ಕೊಡುತ್ತೇನೆ" ಅಂತ ಪೆಡಲ್ ಪೆಟ್ಟಿಗೆ ಕೊಟ್ಟಳು. ಅದು ಗಿಟಾರಿಗಿಂತ ಭಾರ ಇತ್ತು. ಗಿಟಾರನ್ನು ಅವಳು ಯಾರ ಕೈಗೂ ಕೊಡುವುದಿಲ್ಲವಂತೆ.

ಶಿಬುಯಾದ ಜನಸಾಗರದಲ್ಲಿ ಅವಳು ಮುಂದೆ, ನಾವು ಹಿಂದೆ. ಯಾರಿಗೆ ತಾಗಿದರೂ ಬಗ್ಗುವುದು, ಬಗ್ಗಿದಾಗ ಇನ್ನೊಬ್ಬರಿಗೆ ತಾಗುವುದು, ಅವರಿಗೆ ಬಗ್ಗುವುದು. ಜನ ದೂರದಿಂದಲೇ ಸರಿಯತೊಡಗಿದರು. ಜಾತ್ರೆಯಲ್ಲಿ ಉತ್ಸವಮೂರ್ತಿಗೆ ದಾರಿ ಬಿಟ್ಟ ಹಾಗೆ ನಮಗೆ ದಾರಿಯಾಯಿತು. ಮೇಲೆ ಒಕಾಮೊಟೊ ತಾರೋ ಬರೆದ 30 ಮೀಟರ್ ಉದ್ದದ ಚಿತ್ರ ಇದೆ, ಅಣುಬಾಂಬು ಸಿಡಿದ ಗಳಿಗೆಯದು. 2008ರಿಂದ ಅಲ್ಲಿದೆ. ನಾನು ಅದನ್ನು ಅಷ್ಟು ಹೊತ್ತು ನೋಡಿದ್ದು ಅವತ್ತೇ. ಕಲಾಸಕ್ತಿ ಅಂತ ನನ್ನ ಹೆಂಡತಿ ತಿಳಿದಳು. ಉಸಿರು ಬರುತ್ತಿರಲಿಲ್ಲ ಮಾರಾಯ್ರೇ.

ಆಂಪ್ಲಿಫೈಯರ್ ಹೊರಬೇಕಿಲ್ಲ ಅನ್ನುವುದೊಂದೇ ಪುಣ್ಯ. ರೋಲ್ಯಾಂಡ್ ಕಂಪನಿಯ ಜೆಸಿ-120 ಅಂತ ಒಂದು, 1975ರಿಂದ ಬರುತ್ತಿರುವುದು. ಅದು ಇಲ್ಲದ ಲೈವ್ ಹೌಸು, ಸ್ಟುಡಿಯೋ ಜಪಾನಿನಲ್ಲಿ ಹುಡುಕಬೇಕು. ತೂಕ ಸುಮಾರು 28 ಕಿಲೋ. ಅದು ಅಲ್ಲೇ ಇರಲಿ, ಸುಖವಾಗಿರಲಿ.

ಕಡಿದಾದ ಮೆಟ್ಟಿಲು ಇಳಿದರೆ ನೆಲಮಾಳಿಗೆ. ಬಾಗಿಲಲ್ಲಿ "ಇವತ್ತು ಯಾವ ಬ್ಯಾಂಡ್ ನೋಡಲು ಬಂದಿರಿ?" ಅಂತ ಕೇಳಿ ಕಾಗದದ ಮೇಲೆ ಗೀಟು ಹಾಕುತ್ತಾರೆ. ಯಾರಿಗೆ ಎಷ್ಟು ಜನ ಬಂದರು ಅನ್ನುವ ಲೆಕ್ಕ ಅದು. ಟಿಕೆಟ್ ಅಲ್ಲದೆ ಒಂದು ಡ್ರಿಂಕಿಗೆ 600 ಯೆನ್ ಕಡ್ಡಾಯ. ನಾನು ಆರೆಂಜ್ ಜ್ಯೂಸ್ ತಗೊಂಡೆ. ಅದರಲ್ಲಿದ್ದ ಐಸನ್ನು ಹಣೆಗಿಟ್ಟುಕೊಂಡೆ. ಕಾಗದದಲ್ಲಿ ಇವಳ ಬ್ಯಾಂಡಿನ ಮುಂದೆ ಗೀಟುಗಳು ಬಹಳ ಇರಲಿಲ್ಲ. ಒಳಗಿದ್ದ ಅರ್ಧ ಜನ ಆ ದಿನ ನುಡಿಸುವ ಬೇರೆ ಬ್ಯಾಂಡಿನವರೇ.

ಅವಳ ಸರದಿ ಬಂತು. ಒಂದು ಬ್ಯಾಂಡಿಗೆ ಅರ್ಧ ಗಂಟೆ. ಎರಡು ಮಾತಿಗೊಮ್ಮೆ ಕ್ಷಮೆ ಕೇಳುವ ಹುಡುಗಿ ಅಲ್ಲಿ ಯಾರನ್ನೂ ಕ್ಷಮೆ ಕೇಳಲಿಲ್ಲ. ಮೊದಲ ಪೆಟ್ಟಿಗೇ ನನ್ನ ಕೈಲಿದ್ದ ಲೋಟ ನಡುಗಿತು. ಡ್ರಮ್ಮರ್ ಏಪ್ರಿಲ್‌ನಿಂದ ಊರಿಗೆ ಹೋಗುತ್ತಾನಂತೆ, ಅಪ್ಪನ ಅಂಗಡಿ ನೋಡಿಕೊಳ್ಳಲು. ರೈಲಿನಲ್ಲಿ ಹವಾಮಾನದ ಮಾತಾಡುವ ಹಾಗೆ ಹೇಳಿದ್ದಳು. ಇನ್ನೊಬ್ಬ ಸಿಗುತ್ತಾನಾ ಅಂದಿದ್ದಕ್ಕೆ ಕಿಟಕಿ ಕಡೆ ನೋಡಿ ನಕ್ಕಿದ್ದಳು. ಕೊನೆಯ ಹಾಡಿನ ಕೊನೆಯಲ್ಲಿ ಒಂದೇ ಒಂದು ಸ್ವರ ಹಿಡಿದು ನಿಂತಳು. ಅದು ನಿಲ್ಲಲೇ ಇಲ್ಲ. ಭಾರದ ಮರದಲ್ಲಿ ನಾದ ಜಾಸ್ತಿ ಹೊತ್ತು ಉಳಿಯುತ್ತದೆ ಅಂತ ಅವಳು ಹೇಳಿದಾಗ ಸುಮ್ನೆ ತಲೆಯಾಡಿಸಿದ್ದೆ. ಇದನ್ನು ಒಪ್ಪದವರೂ ಬಹಳ ಇದ್ದಾರೆ. ಅವರ ಜೊತೆ ವಾದ ಮಾಡಲು ಆಗ ನನಗೆ ಮನಸ್ಸಿರಲಿಲ್ಲ. ಡ್ರಮ್ಮರ್ ಕೋಲು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ.

ಆಮೇಲೆ ಅವಳು ಜನಕ್ಕೆ ಬಗ್ಗಿದಳು. ಗಿಟಾರಿನ ತಲೆ ಮೈಕಿನ ಸ್ಟ್ಯಾಂಡಿಗೆ ಹೊಡೆದು ಮೈಕು ಕೆಳಗೆ ಬಿತ್ತು.

ನಿನ್ನೆ ಸಂಜೆ ಓಚನೊಮಿಜುಗೆ ಹೋಗಿದ್ದೆವು. ರಸ್ತೆಯುದ್ದಕ್ಕೂ ಗಿಟಾರಿನಂಗಡಿಗಳೇ. ಹಗುರದ್ದು ಒಂದು ನೋಡೋಣ ಅಂತ ಒಪ್ಪಿಸಿದ್ದು ನನ್ನ ಹೆಂಡತಿ. ಹುಡುಗಿಗೆ ನಂಬರ್ ಗರ್ಲ್ ಬ್ಯಾಂಡಿನಲ್ಲಿದ್ದ ಗಿಟಾರಿಸ್ಟ್ ತಬುಚಿ ಹಿಸಾಕೋ ಅಂದರೆ ಪ್ರಾಣ. ಆಕೆ ನುಡಿಸುವುದು ಫೆಂಡರ್ ಕಂಪನಿಯ ಜಾಜ್‌ಮಾಸ್ಟರ್ ಗಿಟಾರು. ನೀನೂ ಅದನ್ನೇ ತಗೋ ಅಂದೆ. "ಅದು ಅವರ ಸದ್ದು" ಅಂದಳು, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. ಆದರೂ ಒಂದೊಂದಾಗಿ ಹೆಗಲಿಗೆ ಹಾಕಿ ನೋಡಿದಳು. ಇದು ತೆಳು, ಅದು ಟೊಳ್ಳು. ಪ್ರತಿ ಸಲವೂ ಅಂಗಡಿಯವನಿಗೆ ಬಗ್ಗುತ್ತಿದ್ದಳು. ಅವನು ಅನುಭವಸ್ಥ, ಎರಡು ಹೆಜ್ಜೆ ದೂರವೇ ನಿಂತಿದ್ದ. ಕೊನೆಗೆ ಕೊಂಡದ್ದು ಗಿಟಾರನ್ನು ಹೆಗಲಿಗೆ ತೂಗುಹಾಕುವ ಅಗಲದ ಒಂದು ಪಟ್ಟಿ, ಮತ್ತೆ ಗಟ್ಟಿ ಪೆಟ್ಟಿಗೆಯೊಂದು. ಇನ್ನು ಮೇಲೆ ಬೆನ್ನಿಗೆ ಹಾಕುವುದಿಲ್ಲವಂತೆ, ಕೈಯಲ್ಲೇ ಹಿಡಿಯುತ್ತಾಳಂತೆ, ನನ್ನ ಹಣೆಗೋಸ್ಕರ. ಖಾಲಿ ಪೆಟ್ಟಿಗೆಯನ್ನು ಎತ್ತಿ ನೋಡಿದೆ. ಗಿಟಾರಿನಷ್ಟೇ ಭಾರ. ಮೂಲೆಗಳಿಗೆಲ್ಲ ಲೋಹದ ತಗಡು ಹೊಡೆದಿದ್ದಾರೆ, ಸರಿಯಾಗಿ ನನ್ನ ಮೊಣಕಾಲಿನ ಎತ್ತರಕ್ಕೆ.

ಮುಂದಿನ ಶೋ ಕೋಎಂಜಿಯಲ್ಲಿ. ತೊಝಾಯ್ ಲೈನೇ ಮುಂದೆ ಜೆಆರ್ (ಜಪಾನ್ ರೈಲ್ವೇಸ್) ಹಳಿ ಹಿಡಿದು ಅಲ್ಲಿಗೆ ಹೋಗುತ್ತದೆ, ಬದಲಾಯಿಸುವ ತಾಪತ್ರಯ ಇಲ್ಲ ಅಂತ ಅವಳೇ ಸಮಾಧಾನ ಹೇಳಿದಳು. ನಿಯಮವನ್ನೂ ನೋಡಿಟ್ಟುಕೊಂಡಿದ್ದಾಳೆ. ಜೆಆರ್ ರೈಲಿನಲ್ಲಿ ಒಬ್ಬರು 30 ಕಿಲೋದೊಳಗಿನ ಎರಡು ಸಾಮಾನು ಒಯ್ಯಬಹುದು. "ನೀವಿಬ್ಬರೂ ಬಂದರೆ ಒಟ್ಟು ಆರಾಗುತ್ತೆ" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ, "ಡ್ರಮ್ಮಿಂದೂ ಏನಾದ್ರೂ ಇದ್ರೆ ತಗೊಂಡ್ಬನ್ನಿ, ಇವರ ಇನ್ನೊಂದು ಕೈ ಖಾಲಿ ಇರುತ್ತೆ" ಅಂದಳು.