ಯಾವ ಬೆಲ್ಟು ಎಂದು ಕೇಳುವ ಮುನ್ನ

ಜಪಾನಿನ ಒಕಿನಾವಾ ದ್ವೀಪದ ನಾಹಾ ನಗರದಿಂದ ಊರಿಗೆ ಫೋನ್ ಮಾಡಿ ಕರಾಟೆ ಕಲಿಯುತ್ತಿದ್ದೇನೆ ಎಂದರೆ ಸಾಕು, ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಯಾವ ಬೆಲ್ಟು?’ ಕೇಳಿದಾಗಲೆಲ್ಲ ಚುರುಕ್ಕೆನ್ನುತ್ತದೆ. ಮೂರು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಶುಲ್ಕ, ಶುಲ್ಕಕ್ಕೊಂದು ಬಣ್ಣ. ಬೆಂಗಳೂರಿನ ಬಡಾವಣೆಗಳಲ್ಲಿ ಕರಾಟೆ ಬಹುಪಾಲು ಇಷ್ಟೇ ಆಗಿಬಿಟ್ಟಿದೆ.

ಇಲ್ಲಿ ಗೋಜು-ರ್ಯೂ ಎಂಬ ಕರಾಟೆ ಪಂಥದ ದೋಜೋಗಳಲ್ಲೂ (ಕಲಿಕೆಯ ಮನೆಗಳಲ್ಲೂ) ದರ್ಜೆಗಳಿವೆ, ಆದರೆ ಜೀವವೆಲ್ಲ ಸಾಂಚಿನ್ ಎಂಬ ಕಾತಾದಲ್ಲಿದೆ, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಯಲ್ಲಿ. ಈ ಪಂಥ ಕಟ್ಟಿದ ಮಿಯಾಗಿ ಚೋಜುನ್ (1888-1953) ಅವರ ಗುರು ಹಿಗಾವೊನ್ನಾ ಕಾನ್ರ್ಯೋ, ಶಿಷ್ಯರಿಂದ ವರ್ಷಗಟ್ಟಲೆ ಇದೊಂದನ್ನೇ ಮಾಡಿಸುತ್ತಿದ್ದರಂತೆ. ಪಾದಗಳು ಭುಜದಗಲ, ಮುಂದಿನ ಹಿಮ್ಮಡಿ ಹಿಂದಿನ ಹೆಬ್ಬೆರಳಿನ ಸಾಲಿಗೆ, ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿ ದೂರ, ಉಸಿರು ಕಿಬ್ಬೊಟ್ಟೆಯಿಂದ. ಎಡವುವುದು ಉಸಿರಿನಲ್ಲೇ. ಗಂಟಲಲ್ಲಿ ಬಿಗಿಹಿಡಿದರೆ ಮುಖ ಕೆಂಪೇರಿ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರು ಗುರುಗಳಿಗೆ ಮೊದಲೇ ಹೇಳಬೇಕು. ಹೆಗಲು ಮೇಲೆದ್ದರೆ ಗುರುಗಳ ಅಂಗೈ ಪಟ್ಟೆಂದು ಬೀಳುತ್ತದೆ.

ಆಮೇಲೆ ಚಿ-ಇಶಿ ಎಂಬ ವ್ಯಾಯಾಮದ ಸಾಧನ: ಮರದ ಹಿಡಿ, ಒಂದು ತುದಿಗೆ ಕಲ್ಲು ಅಥವಾ ಕಾಂಕ್ರೀಟು. ಮೊದಮೊದಲು ಎರಡು ಕಿಲೋ ಧಾರಾಳ. ಕಲ್ಲಿನಿಂದ ಕೈ ದೂರವಾದಷ್ಟೂ ಭಾರ ಹೆಚ್ಚುವುದರಿಂದ ಹೊಸಬರು ಕಲ್ಲಿನ ಹತ್ತಿರವೇ ಹಿಡಿದು, ವಾರಗಳು ಕಳೆದಂತೆ ಕೈಯನ್ನು ಕೆಳಗೆ ಸರಿಸಬೇಕು. ತಲೆಯ ಹಿಂದಿನಿಂದ ತಿರುಗಿಸಿ ಮುಂದೆ ತಂದು ನಿಲ್ಲಿಸುವ ಗಳಿಗೆಯಲ್ಲಿದೆ ವ್ಯಾಯಾಮ. ಬೀಸಿದ ರಭಸಕ್ಕೆ ಬೆಲೆಯಿಲ್ಲ. ಆಗ ಮಣಿಕಟ್ಟು ಬಾಗಿದರೆ ಮೊಣಕೈ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ನಮ್ಮ ಗರಡಿಯ ಗದೆಯೂ ಇದೇ ಲೆಕ್ಕದ್ದಲ್ಲವೇ? ಅಲ್ಲಿ ಸಾಮು ಮಾಡಿದವರ ಸೊಂಟಕ್ಕೆ ಯಾವ ಉಸ್ತಾದರೂ ಬಣ್ಣದ ಪಟ್ಟಿ ಕಟ್ಟಲಿಲ್ಲ. ಅದನ್ನು ಕೈಬಿಟ್ಟು ನಾವು ಬಣ್ಣದ ಹಿಂದೆ ಬಿದ್ದೆವಲ್ಲ ಎಂದು ಸಂಕಟವಾಗುತ್ತದೆ.

ಆತ್ಮರಕ್ಷಣೆಯ ವಿಷಯದಲ್ಲಂತೂ ಅಂತರ ಇನ್ನೂ ದೊಡ್ಡದು. ನಮ್ಮಲ್ಲಿ ದೂರ ನಿಂತು ಪಾಯಿಂಟ್ ಗಳಿಸುವ ಆಟ. ಬಸ್ಸಿನಲ್ಲಿ ಕೈ ಹಿಡಿದೆಳೆಯುವವನು ಅಷ್ಟು ದೂರ ನಿಲ್ಲುವುದಿಲ್ಲ. ಇಲ್ಲಿ ಕಾಕಿಯೆ ಎಂಬ ಜೋಡಿ ಅಭ್ಯಾಸ ಮಾಡಿಸುತ್ತಾರೆ. ಇಬ್ಬರೂ ಬಲಗಾಲು ಮುಂದಿಟ್ಟು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸುತ್ತಾರೆ. ಒಬ್ಬರು ಎದೆಯತ್ತ ಒತ್ತಿದಾಗ ಇನ್ನೊಬ್ಬರು ಸೊಂಟದಿಂದ ಹಿಂದೆ ಸರಿದು, ಆ ಬಲವನ್ನು ಪಕ್ಕಕ್ಕೆ ತಿರುಗಿಸಿ ಮರಳಿ ಒತ್ತಬೇಕು. ತೋಳಿನ ಬಲದಲ್ಲೇ ತಳ್ಳಿದವರು ಎರಡು ನಿಮಿಷಕ್ಕೆ ಸುಸ್ತಾಗುತ್ತಾರೆ. ಮುಂದಕ್ಕೆ ವಾಲಿದವರನ್ನು ಸ್ವಲ್ಪ ಎಳೆದರೂ ಕಾಲು ಕೀಳುತ್ತದೆ. ಎದುರಿನವರ ಬಲ ಯಾವ ಕಡೆ ತಿರುಗುತ್ತಿದೆ ಎಂಬುದು ಕಣ್ಣಿಗಿಂತ ಮುಂಚೆ ಚರ್ಮಕ್ಕೆ ಗೊತ್ತಾಗತೊಡಗುತ್ತದೆ.

ಹಾಗೆಂದು ಊರಿನ ಕ್ಲಾಸುಗಳನ್ನು ಪೂರಾ ತಳ್ಳಿಹಾಕುವಂತಿಲ್ಲ. ಬಣ್ಣದ ಆಸೆ ಇಲ್ಲದಿದ್ದರೆ ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಅಂಗಳಕ್ಕೆ ಬರುತ್ತಿರಲಿಲ್ಲ. ಗರಡಿಯ ಬಾಗಿಲು ಅವರಿಗೆ ತೆರೆದದ್ದೇ ಅಪರೂಪ. ಒಕಿನಾವಾದಲ್ಲೂ ಕರಾಟೆ ಶಾಲೆಗೆ ಬಂದಾಗ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಅಲ್ಲಿನ ಕರಾಟೆ ಗುರು ಇತೊಸು ಆಂಕೊ ಮಕ್ಕಳಿಗೆ ಹೊಂದುವಂತೆ ಪಿನಾನ್ ಕಾತಾಗಳನ್ನು ರೂಪಿಸಿದರು. ನಮ್ಮ ಕ್ಲಾಸುಗಳೂ ಕೊನೆಯ ಹತ್ತು ನಿಮಿಷ ಕಾಕಿಯೆಗೆ ಮೀಸಲಿಡಲಿ. ಅದಕ್ಕೆ ಸಾಮಾನು ಬೇಡ, ಎದುರಿಗೊಬ್ಬರಿದ್ದರೆ ಆಯಿತು.