ಭೋಂಗಾ ಇಳಿಸಿದ ಮೇಲೆ

ಫೆಬ್ರುವರಿಯ ಕೊನೆಯ ಶನಿವಾರ ಸಂಜೆ ನಮ್ಮ ಚರ್ಚಿನ ಮಾಳಿಗೆಗೆ ಏಣಿ ಹಚ್ಚಿ, ಅಲ್ಲಿದ್ದ ಎರಡು ಧ್ವನಿವರ್ಧಕಗಳನ್ನು ನಾನೇ ಬಿಚ್ಚಿ ಇಳಿಸಿದೆ. ಬೀದರ್ ಕಡೆ ನಾವು ಅದಕ್ಕೆ ಭೋಂಗಾ ಎನ್ನುತ್ತೇವೆ. ಒಂದರ ಬಾಯಿ ಊರಿನ ಕಡೆಗಿತ್ತು, ಇನ್ನೊಂದರದು ಹೊಲಗಳ ಕಡೆಗೆ. ಹೊಲದ ಕಡೆಯದರಲ್ಲಿ ಕಣಜ ಗೂಡು ಕಟ್ಟಿತ್ತು. ಪ್ರತಿ ಭಾನುವಾರ ಎರಡು ತಾಸಿನ ಗದ್ದಲದ ನಡುವೆ ಅದು ಹೇಗೆ ಸಂಸಾರ ಹೂಡಿತ್ತೋ ದೇವರೇ ಬಲ್ಲ. ಎರಡು ಕಡೆ ಕಚ್ಚಿಸಿಕೊಂಡು ಕೆಳಗಿಳಿದೆ. ಮರುದಿನ ಆರಾಧನೆಯ ಕೊನೆಗೆ ಊದಿದ ಕೈಯನ್ನೇ ಎತ್ತಿ ಆಶೀರ್ವಾದ ಹೇಳುವಾಗ ಹಿಂದಿನ ಸಾಲಿನಲ್ಲಿ ಒಬ್ಬರು, "ದೇವರು ಈ ಸಲ ಬೇಗ ಉತ್ತರ ಕೊಟ್ಟಿದ್ದಾನೆ" ಎಂದರಂತೆ.

ನನ್ನನ್ನು ಅರಿಯದವರಿಗೆ ಎರಡು ಮಾತು. ನಾನು ಮೆಥೋಡಿಸ್ಟ್ ಸಭೆಯ ಪಾಸ್ಟರ್. ವಯಸ್ಸು ಇಪ್ಪತ್ತೊಂಬತ್ತು. ಹುಮನಾಬಾದ್ ಕಡೆಯ ಐದು ಹಳ್ಳಿಗಳು ನನ್ನ ಪಾಲಿಗೆ. ಒಂದು ಹಳೆಯ ಬೈಕು, ಅದರ ಡಿಕ್ಕಿಯಲ್ಲಿ ಸತ್ಯವೇದ, ಮಳೆಕೋಟು, ಪಂಕ್ಚರ್ ಸಾಮಾನು. ಮದುವೆ, ಮಣ್ಣು, ಮನೆಕೂಟ, ಆಸ್ಪತ್ರೆ, ಪಿಂಚಣಿ ಅರ್ಜಿ, ಜಗಳ ಬಿಡಿಸುವುದು, ಎಲ್ಲವೂ ಇದೇ ನೌಕರಿಯೊಳಗೆ ಬರುತ್ತವೆ. ಪ್ರಸಂಗ, ಅಂದರೆ ಆರಾಧನೆಯಲ್ಲಿನ ಉಪದೇಶ, ಮಾಡುವುದು ವಾರಕ್ಕೆ ಅರ್ಧ ದಿನದ ಕೆಲಸ; ದೇವಶಾಸ್ತ್ರದ ಕಾಲೇಜಿನಲ್ಲಿ ಮಾತ್ರ ಅದೇ ಪೂರ್ತಿ ಕೆಲಸ ಎಂದು ತಿಳಿದಿದ್ದೆ.

ಭೋಂಗಾ ಇಳಿಸಿದ್ದನ್ನು ಮಾರ್ಚಿನಲ್ಲಿ ಇಲ್ಲೇ ಬರೆದಿದ್ದೆ. ಬಹಳ ಜನ ಮೆಚ್ಚಿದಿರಿ. "ಇಂಥ ಪಾಸ್ಟರ್ ಬೇಕು" ಎಂದು ಹಿಂದೂ, ಮುಸ್ಲಿಂ ಗೆಳೆಯರೂ ಬರೆದರು. ಸುಳ್ಳೇಕೆ ಹೇಳಲಿ, ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಆ ಬರಹದಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧ ಆಗ ನನಗೂ ಗೊತ್ತಿರಲಿಲ್ಲ.

ಇಳಿಸಿದ್ದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇದ್ದವು, ಈಗಲೂ ಇವೆ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. 2024ರ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆ ಯಾದಗಿರಿ, 2025ರಲ್ಲಿ ಕಲಬುರಗಿ. ಪ್ರತಿ ವರ್ಷ ಪಟ್ಟಿಯ ತುದಿಯಲ್ಲಿ ನಮ್ಮ ಭಾಗವೇ. ಚರ್ಚಿನ ಗೋಡೆಗೆ ಆತುಕೊಂಡ ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಭಾನುವಾರ ಆಕೆ ಗಣಿತದ ಪುಸ್ತಕ ಹಿಡಿದು ಊರಾಚೆಯ ಬೇವಿನ ಮರದಡಿ ಹೋಗಿ ಕೂರುವುದನ್ನು ನಾನೇ ಕಂಡಿದ್ದೆ. ನಾವು ಒಳಗೆ ಆಕೆಯ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆವು, ಪರೀಕ್ಷೆ ಚೆನ್ನಾಗಿ ಬರೆಯಲಿ ಎಂದು. ಮೈಕಿನಲ್ಲಿ.

ಕಾಯಿದೆಯ ಮಾತೂ ಇತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಈಸ್ಟರ್ ದಿನ ನಸುಕಿನ ನಾಲ್ಕೂವರೆಗೆ ನಾವು ಹಾಡು ಶುರು ಮಾಡುತ್ತಿದ್ದೆವು. ಕರ್ತನು ಎದ್ದನೆಂಬ ಸುದ್ದಿಯ ಜೊತೆಗೆ ಊರನ್ನೂ ಎಬ್ಬಿಸುತ್ತಿದ್ದೆವು. 2022ರಲ್ಲಿ ರಾಜ್ಯದ ತುಂಬ ಆಜಾನ್ ಮೈಕಿನ ರಗಳೆ ಎದ್ದಾಗ ನಮ್ಮವರು ಅದು ಬೇರೆಯವರ ಜಗಳ ಎಂದು ಸುಮ್ಮನಿದ್ದರು. ಅದಕ್ಕೂ ಎಷ್ಟೋ ವರ್ಷ ಮೊದಲು, 2000ದ ಆಗಸ್ಟ್ 30ರಂದು, ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತ್ತು. ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿರಿ ಎಂದು ಯಾವ ಧರ್ಮವೂ ಹೇಳಿಲ್ಲ ಎಂದಿತ್ತು. ಆ ಮೊಕದ್ದಮೆಯಲ್ಲಿ ಇದ್ದದ್ದು ಮಸೀದಿಯೂ ಅಲ್ಲ, ಗುಡಿಯೂ ಅಲ್ಲ. ಚೆನ್ನೈನ ಒಂದು ಚರ್ಚು.

ಇದರ ಜೊತೆಗೆ ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿ ಇದ್ದನಲ್ಲ! 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಬಯಲಿನಲ್ಲಿ ಸಾವಿರಾರು ಜನರಿಗೆ ಬರಿಗಂಟಲಿನಲ್ಲಿ ಸಾರಿದವನು. 1742ರಲ್ಲಿ ತನ್ನ ಹುಟ್ಟೂರು ಎಪ್ವರ್ತಿನ ಚರ್ಚಿನಲ್ಲಿ ಮಾತಾಡಲು ಬಿಡದಿದ್ದಾಗ, ಹೊರಗಿದ್ದ ಅಪ್ಪನ ಸಮಾಧಿಯ ಮೇಲೆ ನಿಂತು ಪ್ರಸಂಗ ಮಾಡಿದವನು. ಅವನಿಗೇ ಬೇಕಾಗದ ಮೈಕು, ಅರವತ್ತು ಜನ ಕೂರುವ ನಮ್ಮ ಒಂದಂಕಣದ ಚರ್ಚಿಗೆ ಏಕೆ?

ಸಭಾ ಸಮಿತಿಯ ಮುಂದೆ ಇಷ್ಟನ್ನೂ ಇಟ್ಟೆ. ಮೇಲೆ ಸತ್ಯವೇದದ ಪ್ರವಾದಿ ಎಲೀಯನ ಕಥೆಯನ್ನೂ ಹೇಳಿದೆ: ದೇವರು ಬಿರುಗಾಳಿಯಲ್ಲಿ ಇರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ, ಬೆಂಕಿಯಲ್ಲಿಯೂ ಇರಲಿಲ್ಲ, ಆಮೇಲೆ ಬಂದ ಸಣ್ಣ ದನಿಯಲ್ಲಿ ಇದ್ದನು. ಮೂಲೆಯಲ್ಲಿ ಕುಳಿತಿದ್ದ ಹಿರಿಯ ಕಾಕಾ ಒಬ್ಬರು, ನಲವತ್ತು ವರ್ಷ ಸಮಿತಿಯಲ್ಲಿದ್ದವರು, ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎಲೀಯನು ಬೆಟ್ಟದ ಮೇಲೆ ಒಬ್ಬನೇ ಇದ್ದನಲ್ಲವೇ ಪಾಸ್ಟರೇ? ಒಬ್ಬನಿಗೆ ಸಣ್ಣ ದನಿ ಸಾಕು."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. "ನಮ್ಮ ಕೇರಿ ಊರಿನ ಹೊರಗಿದೆ. ನಮ್ಮ ಅಪ್ಪ ಊರೊಳಗೆ ಹೋದರೆ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಕೂಲಿಯ ದುಡ್ಡು ಕೂಡಿಸಿ ಆ ಭೋಂಗಾ ತಂದ ದಿನ ನಮ್ಮ ಕೇರಿಯ ದನಿ ಮೊದಲ ಸಲ ಊರ ಅಗಸೆಬಾಗಿಲು ದಾಟಿ ಒಳಗೆ ಹೋಯಿತು. ಅವತ್ತು ಹಾಡಿದವನು ನಾನು."

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. "ಪರೀಕ್ಷೆ ಮುಗಿಯುವವರೆಗೆ ಮಾತ್ರ ಕಾಕಾ" ಎಂದು ಬೇಡಿಕೊಂಡೆ, ಅವರು ರುಮಾಲು ಸುತ್ತಿಕೊಂಡು ಎದ್ದುಹೋದರು. ಪರೀಕ್ಷೆ ಮುಗಿಯಿತು, ನಾನು ಮಾತು ತಪ್ಪಿದೆ. ಒಳಗೆ ಹಾಡು ಚೆನ್ನಾಗಿ ಕೇಳಿಸತೊಡಗಿತ್ತು. ಢೋಲಕಿನ ತಾಳ, ಹೆಂಗಸರ ದನಿ ಎಲ್ಲ ಬೇರೆಬೇರೆಯಾಗಿ ಕಿವಿಗೆ ಬೀಳುತ್ತಿದ್ದವು. ಬದಿಯ ಮನೆಯವರು ಒಂದು ದಿನ ಸಜ್ಜೆ ರೊಟ್ಟಿ ಕಳಿಸಿದರು. ಗೆದ್ದೆ ಎಂದುಕೊಂಡೆ.

ಜೂನ್ ಮೊದಲ ವಾರ ಹತ್ತು ವರ್ಷದ ಹುಡುಗನೊಬ್ಬ ಬಂದು, "ಆಯಿ ಕರೆಯುತ್ತಿದ್ದಾಳೆ, ಡಬ್ಬಿ ತುಂಬಿದೆಯಂತೆ" ಎಂದ. ಅವನ ಅಜ್ಜಿ ಚರ್ಚಿನಿಂದ ಐದನೇ ಮನೆಯಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಅಂಗಳದ ಶಹಾಬಾದಿ ಫರ್ಸಿಯ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಅಂದಿನಿಂದ ಹೊರಸಿನ ಮೇಲೆಯೇ. ಈಸ್ಟರ್ ವಾರದಲ್ಲಿ ಆಕೆಯ ಮನೆಗೆ ಹೋಗಿದ್ದೆ, ಇಲ್ಲವೆನ್ನುವುದಿಲ್ಲ. ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡಿದೆ; ಆಕೆ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮೊಬೈಲ್ ಬಂತು, ಹೊರಟುಬಿಟ್ಟೆ.

ಹೊರಸಿನ ಪಕ್ಕದ ಗೂಡಿನಲ್ಲಿ ಒಂದು ಹಾಲಿನ ಪುಡಿಯ ಡಬ್ಬಿ. ಮೊಮ್ಮಗ ಅದನ್ನು ಕೌದಿಯ ಮೇಲೆ ಸುರಿದ. ಹತ್ತು ರೂಪಾಯಿಯ ನಾಣ್ಯಗಳು. ಎಣಿಸಿದೆ: ಹದಿನಾಲ್ಕು.

"ಮೈಕಿನಲ್ಲಿ ಕಾಣಿಕೆಯ ಹಾಡು ಬಂದ ಕೂಡಲೇ ಇವನ ಕೈಯಲ್ಲಿ ಕೊಟ್ಟು ಓಡಿಸುತ್ತಿದ್ದೆ ಅಪ್ಪಾ" ಎಂದಳು. "ಈಗ ಹಾಡು ಯಾವಾಗ ಬರುತ್ತದೋ ತಿಳಿಯುವುದಿಲ್ಲ. ಇಟ್ಟುಕೊಂಡೆ. ಖರ್ಚು ಮಾಡಿಲ್ಲ."

ಖರ್ಚು ಮಾಡಲು ಹೋದರೂ ಆಗುತ್ತಿರಲಿಲ್ಲ ಎನ್ನಿ. ಹತ್ತರ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಮ್ಮ ಕಡೆಯ ಅಂಗಡಿಯವರು ಮುಟ್ಟುವುದಿಲ್ಲ. ನಮ್ಮ ಕಾಣಿಕೆಯ ತಟ್ಟೆಯಲ್ಲಿ ಈ ನಾಣ್ಯಗಳೇ ಹೆಚ್ಚು ಬೀಳುವ ಗುಟ್ಟು ಅದೇ.

ಕೆಳಗೆ ಕುಳಿತೆ. ಆಮೇಲೆ ಆಕೆ ಹೇಳುತ್ತ ಹೋದಳು. ಭಾನುವಾರ ಬೆಳಿಗ್ಗೆ ಸೊಸೆಯ ಕೈಲಿ ತಲೆ ಬಾಚಿಸಿಕೊಂಡು, ಒಗೆದ ಸೀರೆ ಹೊದ್ದುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಮಲಗುತ್ತಿದ್ದಳಂತೆ. ಎಲ್ಲರೂ ಏಳುವ ಹಾಡಿಗೆ ಏಳಲಾಗದೆ ಎರಡು ಕೈ ಮಾತ್ರ ಮೇಲೆತ್ತುತ್ತಿದ್ದಳಂತೆ. ಕೊನೆಯ ಆಶೀರ್ವಾದಕ್ಕೆ ತನ್ನ ಅಂಗೈಯನ್ನು ತಾನೇ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳಂತೆ. ನಾನು ಮೂರು ತಿಂಗಳು ಬೀಗಿದ ಆ ಮೌನ ಈ ಮನೆಯೊಳಗೆ ಹೀಗೆ ಬಂದಿತ್ತು. ಹೊಲದ ಕಡೆ ಬಾಯಿದ್ದ ಭೋಂಗಾ ಯಾರಿಗೂ ಕೇಳಿಸುವುದಿಲ್ಲ ಎಂದು ಸಮಿತಿಯಲ್ಲಿ ವಾದಿಸಿದ್ದವನು ನಾನು. ಈ ಕಿಟಕಿ ಆ ಕಡೆಗೇ ಇತ್ತು.

ಬೈಯಲಿಲ್ಲ ಆಕೆ. ಬೈದಿದ್ದರೆ ಕ್ಷಮೆ ಕೇಳಿ ಎದ್ದುಬರುತ್ತಿದ್ದೆನೇನೋ.

ಭೋಂಗಾವನ್ನು ಮತ್ತೆ ಏರಿಸಲಿಲ್ಲ. ಇಲ್ಲಿ ನನ್ನನ್ನು ಹಟಮಾರಿ ಎನ್ನುವವರು ಎನ್ನಬಹುದು. ಮುಂದಿನ ಮಾರ್ಚಿಗೆ ಇನ್ನೊಬ್ಬಳು ಪುಸ್ತಕ ಹಿಡಿದು ಬೇವಿನ ಮರದಡಿ ಹೋಗುವುದು ನನಗೆ ಬೇಡ. ಆದರೆ ನನ್ನ ಸರಿಯಾದ ನಿರ್ಧಾರದ ಬೆಲೆಯನ್ನು ಹೊರಸು ಹಿಡಿದ ಮುದುಕಿ ಹದಿನಾಲ್ಕು ವಾರ ತೆತ್ತಿದ್ದಾಳೆ, ಲೈಕು ಎಣಿಸಿದವನು ನಾನು. ಹಾಗಾಗಿ ಈಗ ಮೂರನೇ ಹಳ್ಳಿಯ ಆರಾಧನೆ ಮುಗಿಸಿ ಊಟಕ್ಕೆ ಮುನ್ನ, ಎರಡೂವರೆಗೆ, ಅಲ್ಲಿಗೆ ಹೋಗುತ್ತೇನೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತೇನೆ. ಆ ಹದಿನಾಲ್ಕು ನಾಣ್ಯಗಳನ್ನು ಸಭೆಯ ಲೆಕ್ಕ ನೋಡುವ ಸ್ಟೀವರ್ಡ್ ಎಣಿಸಿ 140 ರೂಪಾಯಿ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದರು. ಕಾಕಾ ಮಾತ್ರ ಇನ್ನೂ ನನ್ನೊಡನೆ ಮೊದಲಿನಂತಿಲ್ಲ. ಭೋಂಗಾ ಎರಡೂ ನನ್ನ ಕೋಣೆಯ ಮಂಚದ ಕೆಳಗಿವೆ. ಕಸ ಗುಡಿಸುವಾಗಲೆಲ್ಲ ಕಾಕಾನ ಮಾತು ನೆನಪಾಗುತ್ತದೆ.

ಮೊಬೈಲಿನ ಉಪಾಯ ಯುವಕರದು. ಆರಾಧನೆ ಶುರುವಾಗುವ ಮುನ್ನ ಅಜ್ಜಿಯ ಮನೆಗೆ ಕರೆ ಮಾಡಿ, ಇಲ್ಲಿಯ ಫೋನನ್ನು ಪ್ರಸಂಗಪೀಠದ ಮೇಲೆ ಇಡುವುದು. ಅಲ್ಲಿ ಸೊಸೆ ಸ್ಪೀಕರ್ ಹಾಕಿ ದಿಂಬಿನ ಬಳಿ ಇಡುವುದು. ಮೊದಲ ಭಾನುವಾರ ಮಧ್ಯಾಹ್ನ ಬೀಗುತ್ತಲೇ ಹೋಗಿ ಕೇಳಿದೆ. "ಬರೀ ನಿಮ್ಮ ದನಿಯೇ ಬರುತ್ತದೆ ಅಪ್ಪಾ" ಎಂದಳು ಅಜ್ಜಿ, ನನಗೆ ನೋವಾಗಬಾರದೆಂಬಂತೆ ಮೆಲ್ಲಗೆ. "ಸಭೆ ಬರುವುದಿಲ್ಲ." ಭೋಂಗಾದಲ್ಲಿ ಕೂಸು ಅತ್ತದ್ದು, ಬಾಗಿಲು ಕಿರುಗುಟ್ಟಿದ್ದು, ಯಾರದೋ ಕೆಮ್ಮು, ಎಲ್ಲವೂ ಬರುತ್ತಿದ್ದವಂತೆ. ಕೆಮ್ಮಿನ ಮೇಲೆಯೇ ಯಾರು ಬಂದಿದ್ದಾರೆ, ಯಾರು ದುಡಿಯಲು ಹೈದರಾಬಾದಿಗೆ ಹೋಗಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದಳಂತೆ.

ಮುಂದಿನ ವಾರ ಫೋನು ಪೀಠದಿಂದ ಇಳಿದು ಹೆಂಗಸರ ಕಡೆ ಕೊನೆಯ ಚಾಪೆಗೆ ಹೋಯಿತು. ಮಿರಗದ ಮಳೆ ಬಿದ್ದ ಹೊಸತು, ಬಿತ್ತನೆಯ ದಿನಗಳು. ಯೇಸು ಹೇಳಿದ ಬೀಜ ಬಿತ್ತುವವನ ಸಾಮ್ಯಕಥೆಯ ಮೇಲೆ ನಾನು ನಲವತ್ತು ನಿಮಿಷ ಮೈಮರೆತು ಮಾತಾಡಿದೆ. ಮಧ್ಯಾಹ್ನ ಹೋದಾಗ ಅಜ್ಜಿಯ ಮುಖ ಅರಳಿತ್ತು. ರೈತ ಸಂಪರ್ಕ ಕೇಂದ್ರದಲ್ಲಿ ಸೋಯಾ ಬೀಜಕ್ಕೆ ನಸುಕಿನಿಂದಲೇ ಸರದಿ ನಿಲ್ಲಬೇಕಂತೆ, ಯಾರದೋ ಸೊಸೆ ಮುನಿಸಿಕೊಂಡು ಭಾಲ್ಕಿಯ ತವರಿಗೆ ಹೋಗಿದ್ದಾಳಂತೆ, ಕಾಕಾನ ಹೆಂಡತಿಗೆ ಮಂಡಿ ನೋವು ಮತ್ತೆ ಎದ್ದಿದೆಯಂತೆ, ನಾನು ಹೋಗಿ ನೋಡಿ ಬರಬೇಕಂತೆ. ಇವೆಲ್ಲ ಯಾವಾಗ ತಿಳಿಯಿತು ಎಂದೆ.

"ಆರಾಧನೆಯಲ್ಲಿಯೇ" ಎಂದಳು. ಸ್ವಲ್ಪ ತಡೆದು, "ನಿಮ್ಮ ಪ್ರಸಂಗವೂ ಕೇಳಿಸಿತು ಅಪ್ಪಾ, ನಡುನಡುವೆ."