ನಡಾವಳಿಯಲ್ಲಿ ಇಲ್ಲದ ತಿಗಣೆ

ಲಕ್ಷ್ಮಿಯು ಕಮಲದಲ್ಲಿಯೂ ಹರನು ಹಿಮಾಲಯದಲ್ಲಿಯೂ ಹರಿಯು ಹಾಲ್ಗಡಲಿನಲ್ಲಿಯೂ ಮಲಗುವುದು ತಿಗಣೆಯ ಭಯದಿಂದಲೇ ಇರಬೇಕೆಂದು ಸಂಸ್ಕೃತದ ಹಳೆಯ ಚಾಟುಶ್ಲೋಕವೊಂದು ಊಹಿಸುತ್ತದೆ. ಆ ಕವಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದಿದ್ದರೆ, ದೇವರುಗಳು ಹೆದರಿದ್ದು ತಿಗಣೆಗಲ್ಲ, ಮನೆಯಲ್ಲಿ ಅದು ಇದೆಯೆಂಬ ಸುದ್ದಿ ನಿವಾಸಿಗಳ ಸಂಘಕ್ಕೆ ಮುಟ್ಟೀತೆಂಬುದಕ್ಕೆ ಎಂದು ತಿದ್ದಿ ಬರೆಯುತ್ತಿದ್ದನು.

ನಮ್ಮ ಬ್ಲಾಕಿನಲ್ಲಿ ಅದು ಮೊದಲು ಕಂಡದ್ದು ನಾಲ್ಕನೆಯ ಮಹಡಿಯ ನನ್ನ ಮಂಚದಲ್ಲಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಬಿಡಿಸಿ ಟಾರ್ಚು ಹಿಡಿದಾಗ, ಸೇಬಿನ ಬೀಜದಷ್ಟು ಗಾತ್ರದ, ರಾತ್ರಿಯ ಊಟ ಮುಗಿಸಿ ಕೆಂಪೇರಿದ ಮಹನೀಯರೊಬ್ಬರು, ಶಾಯಿಯ ಚುಕ್ಕಿಗಳಂತಹ ತಮ್ಮದೇ ಹಿಕ್ಕೆಯ ನಡುವೆ ವಿಶ್ರಮಿಸುತ್ತಿದ್ದರು. ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಅವರ ಚಿತ್ರವನ್ನು ಹಾಕಿದೆ. ಹತ್ತು ನಿಮಿಷದೊಳಗೆ ಅದನ್ನು ಅಳಿಸಿ ಕಾರ್ಯದರ್ಶಿಗಳೇ ಫೋನು ಮಾಡಿದರು: "ಸಾರ್, ನಿಮ್ಮ ಕಷ್ಟ ಗೊತ್ತಾಗುತ್ತೆ. ಆದರೆ ಸಿ ಬ್ಲಾಕಿನಲ್ಲಿ ಎರಡು ಫ್ಲ್ಯಾಟು ಮಾರಾಟಕ್ಕಿವೆ, ಸ್ವಲ್ಪ ನೋಡಿಕೊಂಡು ಹಾಕಿ."

ತುರ್ತು ಸಭೆಯಲ್ಲಿ ಇದನ್ನು ತಂದವರು ಯಾರೆಂಬುದೇ ಒಂದೂವರೆ ಗಂಟೆಯ ಚರ್ಚೆಯಾಯಿತು. ಮದುವೆಯಾಗದ ಬಾಡಿಗೆದಾರರ ಮೇಲೂ ಮನೆಗೆಲಸದವರ ಮೇಲೂ ಅನುಮಾನ ಬಂದಿತು. ತಿಗಣೆ ಹಾರುವುದಿಲ್ಲ, ಜಿಗಿಯುವುದೂ ಇಲ್ಲ, ಸಾಮಾನಿನೊಳಗೆ ಕುಳಿತು ಪ್ರಯಾಣ ಮಾಡುತ್ತದೆ ಎಂದು ನಾನು ವಿವರಿಸಿದರೂ, 2023ರಲ್ಲಿ ಪ್ಯಾರಿಸ್ಸಿನಲ್ಲಿ ತಿಗಣೆಯ ಗುಲ್ಲೆದ್ದ ದಿನಗಳಲ್ಲೇ ಅಲ್ಲಿಂದ ಬಂದಿಳಿದಿದ್ದ ಖಜಾಂಚಿಗಳ ಸೂಟ್‌ಕೇಸಿನ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ಕೊನೆಗೆ ನಡಾವಳಿಯಲ್ಲಿ ತಿಗಣೆಯೆಂಬ ಪದವನ್ನು ಕೈಬಿಟ್ಟು "ಒಂದು ಫ್ಲ್ಯಾಟಿನ ಆಂತರಿಕ ನಿರ್ವಹಣೆ" ಎಂದು ದಾಖಲಿಸಲಾಯಿತು. ಔಷಧಿ ಹೊಡೆಯುವವರು ಕಂಪನಿಯ ಅಂಗಿ ತೊಡದೆ, ಪೊಲೀಸರಂತೆ ಮಫ್ತಿಯಲ್ಲಿ, ಡಬ್ಬವನ್ನು ನೀರಿನ ಫಿಲ್ಟರಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಸಂಜೆ ಏಳರ ಮೇಲೆ ಬರತಕ್ಕದ್ದು ಎಂದೂ ತೀರ್ಮಾನವಾಯಿತು.

ನಮ್ಮ ಅಜ್ಜಿ ಮಂಚವನ್ನು ಅಂಗಳಕ್ಕೆ ಎಳೆದು, ಸಂದಿಸಂದಿಗೂ ಕುದಿಯುವ ನೀರು ಸುರಿದು, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಹಾಸಿಗೆಯನ್ನು ಬಡಿಯುತ್ತಿದ್ದರು; ಅದರಿಂದ ಆ ಬೀದಿಯ ಮನೆಗಳ ಬೆಲೆಯೇನೂ ಇಳಿದಿರಲಿಲ್ಲ. ನಮ್ಮಲ್ಲಾದರೋ ಬಾಲ್ಕನಿಯಲ್ಲಿ ಹಾಸಿಗೆ ಒಣಗಿಸಿದರೆ ಕಟ್ಟಡದ ಅಂದಗೆಟ್ಟಿತೆಂದು ದಂಡ ಹಾಕುತ್ತಾರೆ.

ಔಷಧಿಯ ಹುಡುಗ ಮಾತ್ರ ಪ್ರಾಮಾಣಿಕ. "ಸಾರ್, ಇದಕ್ಕೆ ಮೊಟ್ಟೆ ಸಾಯಲ್ಲ. ಮರಿ ಆಚೆ ಬಂದ ಮೇಲೆ, ಎರಡು ವಾರ ಬಿಟ್ಟು ಇನ್ನೊಂದು ಸಲ ಹೊಡೀಬೇಕು. ನಿಮ್ಮನೆ ಒಂದಕ್ಕೇ ಹೊಡೆದರೆ ಸ್ವಿಚ್ ಬೋರ್ಡಿನ ಪೈಪಿನಲ್ಲೇ ಪಕ್ಕದವರ ಮನೆಗೆ ಹೋಗ್ತವೆ" ಎಂದನು. ಇದನ್ನು ಸಮಿತಿಯ ಮುಂದಿಟ್ಟೆ. ಎರಡನೆಯ ಬಾರಿ ಅನುಮತಿ ಕೊಟ್ಟರೆ ತಿಗಣೆಯನ್ನು ಎರಡು ಬಾರಿ ಒಪ್ಪಿಕೊಂಡಂತಾಗುತ್ತದೆ ಎಂಬ ಕಾರಣದಿಂದ ವಿಷಯವನ್ನು ವಾರ್ಷಿಕ ಮಹಾಸಭೆಗೆ ಮುಂದೂಡಲಾಯಿತು. ತಿಂಗಳುಗಟ್ಟಲೆ ರಕ್ತವಿಲ್ಲದೆ ಬದುಕಬಲ್ಲ ಜೀವಿಗೆ ಮಹಾಸಭೆಯವರೆಗೆ ಕಾಯುವುದೇನು ಕಷ್ಟ?

ಈಗ ಲಿಫ್ಟಿನಲ್ಲಿ ಎಲ್ಲರೂ ಮಹಡಿಯ ಅಂಕಿಯನ್ನೇ ನೋಡುತ್ತ, ಕೈಯನ್ನು ಬೆನ್ನ ಹಿಂದೆ ಒಯ್ದು ಸದ್ದಿಲ್ಲದೆ ಕೆರೆದುಕೊಳ್ಳುತ್ತಾರೆ. ಮೊನ್ನೆ, ಏಪ್ರಿಲ್ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟಿದ್ದ ಕಾರ್ಯದರ್ಶಿಗಳು ಬಳಿಗೆ ಬಂದು, "ಆ ಹುಡುಗನ ನಂಬರು ಇದೆಯಾ ಸಾರ್? ಮೈಸೂರಿನಲ್ಲಿರುವ ನಮ್ಮ ಭಾವಮೈದುನನಿಗೆ ಬೇಕಿತ್ತು" ಎಂದು ಪಿಸುಗುಟ್ಟಿದರು. ಕೊಟ್ಟೆ. ಮರುದಿನ ಸಂಜೆ ಏಳೂಕಾಲಿಗೆ ನೀರಿನ ಫಿಲ್ಟರಿನ ಪೆಟ್ಟಿಗೆಯೊಂದು, ಅವರ ಮನೆಯಿರುವ ಐದನೆಯ ಮಹಡಿಯಲ್ಲಿ ಇಳಿಯಿತು.